ಗೊತ್ತಿದ್ದರೂ ನಡೆಯದ 14 ದಿನದ ಜಿಂಕ್

ಪ್ರಶ್ನೆ: ಮುಂಬಯಿಯ ಗೋರೆಗಾಂವ್‌ನಲ್ಲಿ ಚಿಕ್ಕದೊಂದು ಮಕ್ಕಳ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದೇನೆ. ಭೇದಿಯಾದ ಮಗುವಿಗೆ ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಸುವ ಲವಣ-ಸಕ್ಕರೆ ಪುಡಿ) ಜೊತೆ 14 ದಿನ ಜಿಂಕ್ (ಸತು) ಮಾತ್ರೆ ಕೊಡಬೇಕೆಂದು ತರಬೇತಿಯಲ್ಲಿ ಕಲಿತು, ಗೋಡೆಗೆ ಚಾರ್ಟನ್ನೂ ಅಂಟಿಸಿದ್ದೇವೆ. ಆದರೂ ಮಳೆಗಾಲದಲ್ಲಿ ಅವೇ ಮಕ್ಕಳು ಮತ್ತೆ ಬರುತ್ತವೆ. ಏನು ಮಾಡಬೇಕು?

ಉತ್ತರ: ಚಾರ್ಟ್ ಓದುವವರು ನೀವು, ಕುಡಿಸುವವಳು ಮನೆಯಲ್ಲಿರುವ ತಾಯಿ. ನಡುವೆ ಎಲ್ಲಿ ಎಡವುತ್ತಿದೆ ಎಂದು ಮೊದಲು ಎಣಿಸಿ. 5 ವರ್ಷದೊಳಗಿನ ಭೇದಿ ಮಕ್ಕಳ ಇತ್ತೀಚಿನ 30 ಕೇಸ್ ಪೇಪರ್ ತೆಗೆದು ನೋಡಿ: ಓಆರ್‌ಎಸ್ ಬರೆದಿದೆಯೇ? ಜಿಂಕ್ ಪೂರ್ತಿ 14 ದಿನಕ್ಕಿದೆಯೇ? ಮಲದಲ್ಲಿ ರಕ್ತವಿಲ್ಲದಿದ್ದರೂ ಆ್ಯಂಟಿಬಯಾಟಿಕ್ ಇದೆಯೇ? ಚೀಟಿಯಲ್ಲೇ ಇಲ್ಲದಿದ್ದರೆ ತಾಯಂದಿರಿಗೆ ಎಷ್ಟು ಹೇಳಿಯೂ ಪ್ರಯೋಜನವಿಲ್ಲ. ಆ ಲೆಕ್ಕವನ್ನು ಡಾಕ್ಟರ ಮುಂದಿಟ್ಟು, ಓಆರ್‌ಎಸ್ ಮತ್ತು ಜಿಂಕ್ ಪ್ರಮಾಣದ ರಬ್ಬರ್ ಸ್ಟಾಂಪ್ ಮಾಡಿಸಲು ಕೇಳಿ. ಜಿಂಕ್ 6 ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, ಅದಕ್ಕಿಂತ ದೊಡ್ಡ ಮಗುವಿಗೆ 20 ಮಿ.ಗ್ರಾಂ.

ಚೀಟಿ ಸರಿಯಿದ್ದರೆ ತೊಡಕು ಕಲಸುವಲ್ಲಿದೆ. ಓಆರ್‌ಎಸ್‌ನ ಸುಮಾರು 21 ಗ್ರಾಂನ ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ. ಅದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ. ಅಂಗಡಿಯ ಸಿಹಿ ಪಾನೀಯದಲ್ಲಿ ಸಕ್ಕರೆ ಹೆಚ್ಚು. ಅದು ಕರುಳಿಗೆ ನೀರೆಳೆದು ಭೇದಿಯನ್ನು ಬೆಳೆಸುತ್ತದೆ. ಹಾಗಾಗಿ ಬಾಯಲ್ಲಿ ಹೇಳಿ ಕಳಿಸಬೇಡಿ. ಒಂದು ಮೂಲೆಯಲ್ಲಿ ಮೇಜು, 1 ಲೀಟರ್ ಬಾಟಲಿ, ಚಮಚ ಇಟ್ಟು ತಾಯಿಯ ಕೈಯಿಂದಲೇ ಕಲಸಿಸಿ, ಅಲ್ಲೇ ಕುಡಿಸಿ. 2 ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚ ಚಮಚವಾಗಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ನಿಧಾನವಾಗಿ. ಉಳಿದದ್ದನ್ನು 24 ಗಂಟೆ ಬಳಿಕ ಚೆಲ್ಲಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನೊಬಿಸ್ ಮಾಡಿದ್ದೂ ಇದನ್ನೇ: ಪ್ರಯೋಗಾಲಯಕ್ಕೆ ಗೊತ್ತಿದ್ದ ದ್ರಾವಣವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು.

ಜಿಂಕ್ ನಿಲ್ಲುವುದು ಸಾಮಾನ್ಯವಾಗಿ ಮೂರು-ನಾಲ್ಕನೇ ದಿನ, ಭೇದಿ ನಿಂತಾಗ. 'ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿಯಾಗುವುದು ಕಡಿಮೆಯಾಗಲಿ ಅಂತ ಈ ಮಾತ್ರೆ' ಎಂದು ಮರಾಠಿಯೋ ಕನ್ನಡವೋ, ಆಕೆಯ ಭಾಷೆಯಲ್ಲೇ ಹೇಳಿ. 14 ದಿನಕ್ಕೆ ಬೇಕಾದ ಮಾತ್ರೆಗಳನ್ನು ತಾಯಿಯ ಕೈಗೆ ಒಂದೇ ಸಲ ಕೊಟ್ಟು ಕಳಿಸಿ. ಒಂದು ಚಮಚ ಎದೆಹಾಲಿನಲ್ಲೋ ನೀರಿನಲ್ಲೋ ಮಾತ್ರೆ ಕರಗಿಸುವುದನ್ನು ತೋರಿಸಿ. ಏಳನೇ ದಿನ ಫೋನ್ ಮಾಡಿ 'ಎಷ್ಟು ಮಾತ್ರೆ ಉಳಿದಿದೆ?' ಎಂದು ಕೇಳಿ. 'ಕೊಡ್ತಿದ್ದೀರಾ?' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ.

ತಿಂಗಳ ನಂತರ ಮತ್ತೆ 30 ಕೇಸ್ ಪೇಪರ್ ಎಣಿಸಿ, ಹಳೆಯ ಲೆಕ್ಕದ ಪಕ್ಕದಲ್ಲೇ ಅಂಟಿಸಿ.