ಒಳಗೇಣಿದಾರ ಎಂದರೆ ಯಾರು?

ಪ್ರಶ್ನೆ: ನಮ್ಮ ಮನೆಯ ಹಳೆಯ ಗೇಣಿ ಚೀಟೊಂದರಲ್ಲಿ ಮುತ್ತಜ್ಜನನ್ನು ‘ಒಳಮೂಲಗೇಣಿದಾರ’ ಎಂದು ಬರೆದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, ಮನೆಯೊಂದರಲ್ಲಿ ಬಾಡಿಗೆಗೆ ಇರುವವರಿಂದ ಒಂದು ಕೋಣೆಯನ್ನು ಪಡೆದು, ತಾನು ‘ಸಬ್‌ಟೆನೆಂಟ್’ ಎನ್ನುತ್ತಾಳೆ. ಎರಡರ ಅರ್ಥವೂ ಒಂದೇ ಏನು? ಸ್ವಾಧೀನದಾರ, ಭೋಗ್ಯದಾರ ಎಂಬ ಪದಗಳು ಇವಕ್ಕಿಂತ ಹೇಗೆ ಬೇರೆ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಎರಡು ಪದಗಳ ಕಟ್ಟು ಒಂದೇ, ಆದರೆ ಹಕ್ಕಿನ ಬಲ ಒಂದೇ ಅಲ್ಲ. ಒಡೆಯನಿಂದ ನೇರವಾಗಿ ಪಡೆಯದೆ, ಅವನಿಂದ ಪಡೆದವನ ಕೈಯಿಂದ ಪಡೆದವನು ಒಳಗೇಣಿದಾರ. ಮನೆ ಅಥವಾ ಮಳಿಗೆಯಾದರೆ ಅವನನ್ನೇ ಒಳಬಾಡಿಗೆದಾರ, ಉಪಬಾಡಿಗೆದಾರ ಎನ್ನುತ್ತೇವೆ. ಸರಕಾರಿ ಕನ್ನಡ ‘ಉಪ’ವನ್ನು ಮೆಚ್ಚಿದರೂ, ಒಂದು ಹಕ್ಕಿನ ಒಳಗೆ ಇನ್ನೊಂದು ಹಕ್ಕು ಕುಳಿತಿದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ‘ಒಳ’ವೇ ನನಗೆ ಸರಿಯೆನಿಸುತ್ತದೆ.

ನಿಮ್ಮ ಮುತ್ತಜ್ಜನ ಕಾಲದ ಕರಾವಳಿಯಲ್ಲಿ ಈ ಸರಪಳಿ ಉದ್ದವಾಗಿತ್ತು. ಸರಕಾರಕ್ಕೆ ತೀರ್ವೆ, ಎಂದರೆ ಭೂಕಂದಾಯ, ಕಟ್ಟುವವನು ವರ್ಗದಾರ. ಗೇಣಿಯನ್ನು ಶಾಶ್ವತವಾಗಿ ಗೊತ್ತುಮಾಡಿಕೊಂಡು ಅವನಿಂದ ಭೂಮಿ ಪಡೆದವನು ಮೂಲಗೇಣಿದಾರ. ಆ ಮೂಲಗೇಣಿದಾರನಿಂದ ಅದೇ ಬಗೆಯ ಶಾಶ್ವತ ಹಕ್ಕನ್ನು ಪಡೆದವನು ಒಳಮೂಲಗೇಣಿದಾರ. ಬೆಳೆ ಬಂದಾಗ ಒಳಗೇಣಿದಾರನ ಮನೆಯಿಂದ ಹೊರಟ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು ಸೇರುತ್ತಿದ್ದುದು ಮೂಲಗೇಣಿದಾರನ ಅಂಗಳಕ್ಕೇ ಹೊರತು ವರ್ಗದಾರನ ಅಂಗಳಕ್ಕಲ್ಲ. ಮೂಲಗೇಣಿಯ ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಇಳಿದು ಬರುತ್ತಿತ್ತು. ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ. ಆದ್ದರಿಂದ ನಿಮ್ಮ ಚೀಟಿನಲ್ಲಿರುವ ‘ಮೂಲ’ ಎಂಬ ಎರಡಕ್ಷರ ಬಹಳ ದೊಡ್ಡದು.

ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಕೃಷಿಭೂಮಿಗಳು ಸರಕಾರದಲ್ಲಿ ನಿಹಿತವಾದವು, ಎಂದರೆ ಸರಕಾರದ ಒಡೆತನಕ್ಕೆ ಸೇರಿದವು. ಉಳುತ್ತಿದ್ದವರು ಆ ಭೂಮಿಯ ಹಕ್ಕು ಕೋರಿ 7ನೆಯ ನಮೂನೆಯ ಅರ್ಜಿ ಕೊಟ್ಟು ಭೂನ್ಯಾಯಮಂಡಲಿಯ ಮುಂದೆ ನಿಂತದ್ದನ್ನು ನಿಮ್ಮ ಊರಿನ ಹಿರಿಯರು ಈಗಲೂ ಹೇಳಬಲ್ಲರು. ಆದರೆ ಅದು ಕೃಷಿಭೂಮಿಯ ಮಾತಾದ್ದರಿಂದ ಪೇಟೆಯ ನಿವೇಶನಗಳ ಮೂಲಗೇಣಿ ಉಳಿದುಕೊಂಡಿತು. ಮೂಲಗೇಣಿದಾರರಿಗೂ ಒಳಮೂಲಗೇಣಿದಾರರಿಗೂ ಒಡೆತನ ಕೊಡುವುದಕ್ಕೆಂದೇ ಕರ್ನಾಟಕದಲ್ಲಿ 2011ರ ಅಧಿನಿಯಮವೊಂದು ಬಂದಿದೆ. ನಿಮ್ಮ ಮುತ್ತಜ್ಜನ ಪದ ಹೀಗೆ ಈ ಶತಮಾನದ ಕಾನೂನಿನ ಶೀರ್ಷಿಕೆಯಲ್ಲೂ ಇದೆ. ಚೀಟನ್ನು ಜೋಪಾನವಾಗಿಡಿ.

ಸ್ವಾಧೀನದಾರ ಎಂದರೆ ಆಸ್ತಿ ಯಾರ ವಶದಲ್ಲಿದೆಯೋ ಅವನು. ಬಾಡಿಗೆದಾರನಿಗೂ ಸ್ವಾಧೀನವಿರುತ್ತದೆ, ಒಡೆತನವಿರುವುದಿಲ್ಲ. ಗೊಂದಲ ಹುಟ್ಟುವುದು ಪಹಣಿಯಲ್ಲಿ. ಮಾಲೀಕರ ಹೆಸರಿರುವ 9ನೆಯ ಕಾಲಮ್ಮಿನ ತಲೆಬರಹವೇ ‘ಸ್ವಾಧೀನದಾರ’ ಎಂದಿದ್ದು, ಸಾಗುವಳಿ ಮಾಡುವವರ ಹೆಸರು 12ನೆಯ ಕಾಲಮ್ಮಿನಲ್ಲಿ ಬರುತ್ತದೆ.

ಭೋಗ್ಯದ ಬುಡದಲ್ಲಿರುವುದು ಸಾಲ. ಭೋಗ್ಯದಾರನು ಒಡೆಯನಿಗೆ ಹಣ ಕೊಟ್ಟು, ಅದು ಹಿಂದಿರುಗುವವರೆಗೆ ಆಸ್ತಿಯನ್ನು ಅನುಭವಿಸುತ್ತಾನೆ. ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಎಂದರೆ ಬಹುಮಟ್ಟಿಗೆ ಇದೇ.

ಇನ್ನು ನಿಮ್ಮ ಮಗಳ ವಿಷಯ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಗುತ್ತಿಗೆದಾರನು (ಎಂದರೆ ಬಾಡಿಗೆಗೋ ಗೇಣಿಗೋ ಪಡೆದವನು) ತನ್ನ ಹಕ್ಕನ್ನು ಒಳಗುತ್ತಿಗೆಗೆ ಕೊಡಬಹುದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ಹೇಳುತ್ತದೆ; ಆದರೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಅನ್ವಯಿಸುವ ಕಟ್ಟಡಗಳಲ್ಲಿ, ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಬಾಡಿಗೆದಾರನನ್ನು ತೆರವುಗೊಳಿಸಲು ಅದೇ ಕಾರಣವಾಗುತ್ತದೆ. ಅವನು ತೆರವಾದರೆ ಅವನ ಹಕ್ಕಿನೊಳಗೆ ಕುಳಿತ ನಿಮ್ಮ ಮಗಳಿಗೂ ನೆಲೆ ತಪ್ಪುವ ಭಯವಿದೆ. ಆದ್ದರಿಂದ ಆಕೆ ಮೂಲ ಬಾಡಿಗೆ ಕರಾರನ್ನು ಕೇಳಿ ಓದಲಿ, ಒಳಬಾಡಿಗೆಯ ಬಗ್ಗೆ ಅದರಲ್ಲಿ ಏನಿದೆ ಎಂದು ನೋಡಲಿ, ತನ್ನ ಹೆಸರನ್ನೂ ಕೋಣೆಯನ್ನೂ ನಮೂದಿಸಿದ ಒಪ್ಪಿಗೆ ಪತ್ರವೊಂದನ್ನು ಮನೆಯ ಮಾಲೀಕರಿಂದಲೇ ಸಹಿ ಮಾಡಿಸಿ ಪಡೆದುಕೊಳ್ಳಲಿ.