ಹಂಬನ್‌ತೋಟ ಬಂದರು ಮತ್ತು ನಮ್ಮ ಹಳದಿ ಮಾರ್ಗ

ಸಾಲಕ್ಕಾಗಿ ಚೀನಾ ಶ್ರೀಲಂಕಾದ ಹಂಬನ್‌ತೋಟ ಬಂದರು ಕಿತ್ತುಕೊಂಡಿತಲ್ಲ, ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊಗೂ ಹಾಗಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ಅಲ್ಲೂ ಕಿತ್ತುಕೊಂಡಿದ್ದಲ್ಲ. 2017ರಲ್ಲಿ ಲಂಕಾ ಸರ್ಕಾರವೇ ಚೀನಾ ಕಂಪನಿಗೆ 99 ವರ್ಷದ ಗುತ್ತಿಗೆ ಕೊಟ್ಟಿತು. ಬಂದದ್ದು ಸುಮಾರು 112 ಕೋಟಿ ಡಾಲರ್. ಅದರಿಂದ ಬಂದರಿನ ಸಾಲ ತೀರಿಸಲಿಲ್ಲ, ಬರಿದಾಗುತ್ತಿದ್ದ ಡಾಲರ್ ಸಂಗ್ರಹ ತುಂಬಿಸಿಕೊಂಡರು. ಲಂಕಾಗೆ ಚೀನಾದ ಸಾಲಕ್ಕಿಂತ ಬಾಂಡ್ ಕೊಂಡ ವಿದೇಶಿ ಹೂಡಿಕೆದಾರರಿಗೆ ಕೊಡಬೇಕಾದ ಸಾಲವೇ ಜಾಸ್ತಿ ಇತ್ತು.

ಮೆಟ್ರೊ ಬೋಗಿಗಳನ್ನು ನಾವು ಕೊಂಡಿದ್ದು. 216 ಬೋಗಿಗಳ ಗುತ್ತಿಗೆ 2019ರಲ್ಲಿ ರೈಲು ತಯಾರಿಸುವ ಚೀನಾದ ಸಿಆರ್‌ಆರ್‌ಸಿ ಕಂಪನಿ ಪಾಲಾಯಿತು. ಆಸ್ತಿ ಹೋಗುವ ಭಯ ಬೇಡ. ಆದರೆ ತಜ್ಞರಿಗಾಗಿ ಬೇರೆ ದೇಶವನ್ನು ನೆಚ್ಚಬೇಕಲ್ಲ, ನನ್ನ ಚಿಂತೆ ಅದು. ಗಲ್ವಾನ್ ಘರ್ಷಣೆಯ ನಂತರ ಅವರ ಎಂಜಿನಿಯರ್‌ಗಳಿಗೆ ವೀಸಾ ಸಿಗುವುದೇ ಕಷ್ಟವಾಯಿತು. ಹಳದಿ ಮಾರ್ಗದ ಕೊನೆಯಲ್ಲಿರುವ ಬೊಮ್ಮಸಂದ್ರದ ಜನ 2025ರ ಆಗಸ್ಟ್‌ವರೆಗೆ ರೈಲಿಗೆ ಕಾಯಬೇಕಾಯಿತು.