ಪರದೇಶದವರಿಗೆ ಸುದ್ದಿ ಹೇಳಲು ಸರ್ಕಾರದ ದುಡ್ಡು ಯಾಕೆ?

ಪ್ರಶ್ನೆ: ಬಿಬಿಸಿಯ ವಿದೇಶಿ ಪ್ರಸಾರಕ್ಕೆ ಬ್ರಿಟನ್ ಸರ್ಕಾರ ದುಡ್ಡು ಕೊಡುತ್ತದಂತೆ. ಹಾಗಿದ್ದ ಮೇಲೆ ಅದನ್ನು ನಂಬೋದು ಹೇಗೆ? ತಮಗೆ ಓಟು ಹಾಕದ, ತೆರಿಗೆ ಕಟ್ಟದ ಜನಕ್ಕೆ ಸುದ್ದಿ ಹೇಳಿ ಅವರಿಗೆ ಸಿಗೋದಾದರೂ ಏನು?
– ಓದುಗರೊಬ್ಬರು, ಶಿರಸಿ

ಉತ್ತರ: ದೊಡ್ಡ ಗಳಿಗೆಯಲ್ಲಿ ಜನ ಯಾರ ಮಾತು ಕೇಳುತ್ತಾರೆ ನೋಡಿ, ಸಿಗೋದು ಅದೇ. 1984ರ ಅಕ್ಟೋಬರ್ 31ರಂದು ರಾಜೀವ್ ಗಾಂಧಿ ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದರು. ತಾಯಿಗೆ ಗುಂಡು ತಗುಲಿದ ಸುದ್ದಿ ಬಂದಾಗ ಅವರು ಕಿವಿಗೊಟ್ಟದ್ದು ಟ್ರಾನ್ಸಿಸ್ಟರಿನಲ್ಲಿ ಬರುತ್ತಿದ್ದ ಬಿಬಿಸಿಗೆ. ಆಕಾಶವಾಣಿ ಸಾವಿನ ಸುದ್ದಿ ಹೇಳುವಷ್ಟರಲ್ಲಿ ಸಂಜೆಯಾಗಿತ್ತು. ಭಾರತದ ಪ್ರಧಾನಿಯ ಮಗನೇ ಲಂಡನ್ನಿನ ಮಾತು ನಂಬಿದರು ಅಂದರೆ, ಬ್ರಿಟನ್ನಿಗೆ ಅದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಈ ನಂಬಿಕೆ ಸುಮ್ನೆ ಬರಲಿಲ್ಲ. 1938ರ ಜನವರಿಯಲ್ಲಿ ಬಿಬಿಸಿ ಅರೇಬಿಕ್ ಶುರುವಾದದ್ದೇ ಇಟಲಿಯ ಬಾರಿ ಎಂಬ ಊರಿನ ರೇಡಿಯೋ ಅರಬರ ನಡುವೆ ಮಾಡುತ್ತಿದ್ದ ಪ್ರಚಾರಕ್ಕೆ ಎದುರಾಗಿ. ಮೊದಲ ದಿನದ ವಾರ್ತೆಯಲ್ಲೇ, ಪ್ಯಾಲೆಸ್ಟೈನಿನಲ್ಲಿ ಒಬ್ಬ ಅರಬನನ್ನು ಬ್ರಿಟಿಷರು ಗಲ್ಲಿಗೇರಿಸಿದ ಸುದ್ದಿಯಿತ್ತು. ವಿದೇಶಾಂಗ ಇಲಾಖೆಯವರಿಗೆ ಇರಿಸುಮುರಿಸು. ಅರಬರ ಮನಸ್ಸು ಗೆಲ್ಲಲು ಹೊರಟು ಇದನ್ನು ಯಾಕೆ ಓದಿದಿರಿ ಅಂತ.

ನಿಜವಾದ ಪರೀಕ್ಷೆ 1956ರಲ್ಲಿ ಬಂತು. ಸೂಯೆಜ್ ಕಾಲುವೆಗಾಗಿ ಬ್ರಿಟನ್ ಈಜಿಪ್ಟಿನ ಮೇಲೆ ಬಾಂಬು ಹಾಕುತ್ತಿತ್ತು. ಪ್ರಧಾನಿ ಈಡನ್ ರೇಡಿಯೋದಲ್ಲಿ ಯುದ್ಧವನ್ನು ಸಮರ್ಥಿಸಿಕೊಂಡರು. ಮಾರನೇ ದಿನ ವಿರೋಧ ಪಕ್ಷದ ನಾಯಕ ಗೈಟ್ಸ್‌ಕೆಲ್ ಅದೇ ಬಿಬಿಸಿಯಲ್ಲಿ ಯುದ್ಧ ತಪ್ಪು ಅಂದರು. ಆ ಮಾತು ಅರೇಬಿಕ್ಕಿನಲ್ಲೂ ಹೋಯಿತು. ಸರ್ಕಾರ ಅನುದಾನ ಕಡಿಯುವ ಬೆದರಿಕೆ ಹಾಕಿತು, ವಿದೇಶಿ ಪ್ರಸಾರದ ಲಂಡನ್ ಕಚೇರಿಯಾಗಿದ್ದ ಬುಷ್ ಹೌಸಿಗೆ ತನ್ನದೊಬ್ಬ ಅಧಿಕಾರಿಯನ್ನೂ ಕಳಿಸಿತು. ಬಿಬಿಸಿ ಬಗ್ಗಲಿಲ್ಲ.

ಅದೇ ದಿನಗಳಲ್ಲಿ ಸೈಪ್ರಸ್‌ನಲ್ಲಿ ಇನ್ನೊಂದು ಕತೆ ನಡೆಯಿತು. ಅಲ್ಲಿನ ಷರ್ಕ್ ಅಲ್ ಅದ್ನಾ ಎಂಬ ಅರಬ್ಬಿ ಕೇಂದ್ರವನ್ನು ಗುಟ್ಟಾಗಿ ನಡೆಸುತ್ತಿದ್ದದ್ದು ಬ್ರಿಟನ್ನೇ. ಒಳ್ಳೆಯ ಸಂಗೀತ, ನಾಟಕ, ದಂಡಿಯಾಗಿ ಕೇಳುಗರು. ಯುದ್ಧ ಬಂದದ್ದೇ ತಡ, ಸರ್ಕಾರ ಅದನ್ನು ಬಹಿರಂಗವಾಗಿ ಕೈಗೆ ತೆಗೆದುಕೊಂಡು 'ವಾಯ್ಸ್ ಆಫ್ ಬ್ರಿಟನ್' ಅಂತ ಹೆಸರಿಟ್ಟಿತು. ಅರಬ್ ಸಿಬ್ಬಂದಿ ಎದ್ದು ನಡೆದರು. ವರ್ಷಗಟ್ಟಲೆ ಕೂಡಿಟ್ಟ ನಂಬಿಕೆಯ ಗಂಟು ಒಂದೇ ವಾರದಲ್ಲಿ ಕರಗಿತು. ಎರಡೂ ಕಡೆ ದುಡ್ಡು ಒಬ್ಬರದೇ ಅಲ್ವಾ? ಹಾಗಾಗಿ ದುಡ್ಡು ಯಾರದು ಅಂತ ಕೇಳಿ ಸುಮ್ಮನಾಗಬೇಡಿ. ದುಡ್ಡು ಕೊಟ್ಟವರಿಗೆ ಇಷ್ಟವಿಲ್ಲದ ಸುದ್ದಿ ಕೊನೆಯ ಬಾರಿ ಯಾವಾಗ ಓದಿದರು ಅಂತಲೂ ಕೇಳಿ.

ಪ್ರಶ್ನೆ: ನಮ್ಮ ಆಕಾಶವಾಣಿಯೂ ಹೊರದೇಶಗಳಿಗೆ ಪ್ರಸಾರ ಮಾಡುತ್ತಿತ್ತಲ್ಲ, ನಮಗೇಕೆ ಆ ಹೆಸರು ಬರಲಿಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ಹಿಂದಿನಿಂದಲೂ ಮಾಡಿದೆ. 1939ರ ಅಕ್ಟೋಬರ್ 1ರಂದು ಪಷ್ತೋ ಭಾಷೆಯಲ್ಲಿ ಶುರುವಾದದ್ದು ಅದು. ಆಫ್ಘನ್ನರ ಕಿವಿಗೆ ಜರ್ಮನಿಯ ಪ್ರಚಾರವೊಂದೇ ಬೀಳಬಾರದು ಅಂತ ಬ್ರಿಟಿಷರು ಮಾಡಿದ ಏರ್ಪಾಡು. ಮುಂದೆ ಬೆಂಗಳೂರಿನ ಹೊರಗೆ 500 ಕಿಲೋವಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳೂ ಬಂದವು. ಯಂತ್ರಕ್ಕಂತೂ ಬರ ಇರಲಿಲ್ಲ.

ನಮ್ಮ ತಂದೆ ರಾತ್ರಿ ಮೊದಲು ಆಕಾಶವಾಣಿ ಕೇಳುತ್ತಿದ್ದರು. ಆಮೇಲೆ ಗೊರಗೊರ ಸದ್ದಿನ ನಡುವೆ ತಿರುಪು ತಿರುಗಿಸಿ ಬಿಬಿಸಿ ಹಿಂದಿ ಹುಡುಕುತ್ತಿದ್ದರು. ಮೇಲಿಂದ ಅಪ್ಪಣೆ ಬರುವವರೆಗೆ ನಮ್ಮ ವಾರ್ತಾ ವಿಭಾಗ ಬಾಯಿ ಬಿಡುವುದಿಲ್ಲ ಅನ್ನೋದು ಮನೆಮನೆಗೂ ಗೊತ್ತಿತ್ತು. ಮನೆಯವರೇ ಪೂರ್ತಿ ನಂಬದ ವಾರ್ತೆಯನ್ನು ಕಾಬೂಲಿನವರು, ಕಠ್ಮಂಡುವಿನವರು ಹೇಗೆ ನಂಬಿಯಾರು?